ಮೇಲಿನ ಹಳ್ಳಿಯ ಬಯಲು

“ಬುದ್ಧಿ, ಹೆಚ್ಚು ಜನ ಬಯಸಿದ್ದನ್ನು ಮಾಡುವುದೇ ನ್ಯಾಯವಲ್ಲವೆ?” ಎಂದು ಮರುಳಸಿದ್ಧ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತಿದ್ದರು. ಏನಾಯಿತು ಎಂಬಂತೆ ಶಿಷ್ಯನ ಮುಖ ನೋಡಿದರು.

ಮಠದಲ್ಲಿ ದಿನವೂ ಸಂಜೆ ಪಾಠ ನಡೆಯುತ್ತಿತ್ತು. ಅದರ ಹೊಣೆ ಮರುಳಸಿದ್ಧನದು. ಪಾಠವನ್ನು ಬೆಳಗಿನ ಹೊತ್ತಿಗೆ ಬದಲಿಸಬೇಕೆಂದು ಕೆಲವರು ಕೇಳಿದ್ದರು. ಬೆಳಗ್ಗೆ ಮನಸ್ಸು ತಿಳಿಯಾಗಿರುತ್ತದೆ, ಸಂಜೆಯಾದರೆ ಮನೆಯಲ್ಲಿ ಹತ್ತಾರು ಕೆಲಸ ಎಂಬುದು ಅವರ ಮಾತು. ಒಬ್ಬಿಬ್ಬರ ಮಾತಿಗೆ ಹೂಂ ಅಂದುಬಿಡುವವನಲ್ಲ ಮರುಳಸಿದ್ಧ. ಪಾಠಕ್ಕೆ ಬಂದವರನ್ನೆಲ್ಲ ಕೂರಿಸಿಕೊಂಡು ಕೇಳಿದ್ದ. ಬೆಳಗ್ಗೆಯೇ ಆಗಲಿ ಎಂದವರು ಬಹಳ ಮಂದಿ. ಬೇಡವೆಂದವರು ಒಬ್ಬರೂ ಇರಲಿಲ್ಲ.

ಆದರೂ ಅವನಿಗೆ ಯಾಕೋ ಸಮಾಧಾನವಾಗಿರಲಿಲ್ಲ. ಗುರುಗಳು ಒಮ್ಮೆ ಹೂಂ ಅಂದುಬಿಟ್ಟರೆ ನಾಳೆಯಿಂದಲೇ ಹೊತ್ತು ಬದಲಿಸಬಹುದು ಎಂದುಕೊಂಡು ಬಂದಿದ್ದ.

ಗುರುಗಳು ಹೂಂ ಅನ್ನಲಿಲ್ಲ. “ಕೂತುಕೋ” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಬೆಟ್ಟದ ಸೀಮೆ. ಅಲ್ಲಿ ಐದು ಹಳ್ಳಿಗಳಿದ್ದವು. ನಾಲ್ಕು ಹಳ್ಳಿಗಳಿಗೆ ಮಣ್ಣಿನ ರಸ್ತೆಯಿತ್ತು. ಹಿಮ ಬಿದ್ದರೆ ಆ ರಸ್ತೆ ಮುಚ್ಚುತ್ತಿತ್ತು, ಕರಗಿದರೆ ತೆರೆಯುತ್ತಿತ್ತು. ಐದನೆಯ ಹಳ್ಳಿ ಎಲ್ಲಕ್ಕಿಂತ ಎತ್ತರದಲ್ಲಿತ್ತು. ಅಲ್ಲಿಗೆ ರಸ್ತೆಯೇ ಇರಲಿಲ್ಲ. ಆಡು ಕುರಿ ಹತ್ತುವ ಕಾಲುದಾರಿ ಮಾತ್ರ. ಮನೆಗಳೂ ಕೆಲವೇ. ಎಲ್ಲರೂ ಅದನ್ನು ಮೇಲಿನ ಹಳ್ಳಿ ಎನ್ನುತ್ತಿದ್ದರು.

ಬೆಟ್ಟದ ಬುಡದಲ್ಲಿ ಒಂದು ಪಟ್ಟಣವಿತ್ತು. ಪಟ್ಟಣದಿಂದ ಈ ಐದು ಹಳ್ಳಿಗಳಿಗೂ ಒಂದು ಚಿಕ್ಕ ವಿಮಾನ ಹೋಗಿಬರುತ್ತಿತ್ತು. ಉಪ್ಪು, ಸೀಮೆಎಣ್ಣೆ, ಔಷಧಿ, ಟಪಾಲು, ಬಸುರಿಯರು, ಬಾಣಂತಿಯರು, ಮೇಷ್ಟರು, ಮದುಮಕ್ಕಳು, ಎಲ್ಲರನ್ನೂ ಎಲ್ಲವನ್ನೂ ಅದೇ ಹೊತ್ತುಕೊಂಡು ತರುತ್ತಿತ್ತು. ಪ್ರತಿ ಹಳ್ಳಿಯಲ್ಲೂ ಅದು ಇಳಿಯಲು ಒಂದು ಬಯಲಿತ್ತು. ನಾಲ್ಕು ಹಳ್ಳಿಗಳ ಬಯಲುಗಳು ಉದ್ದವಾಗಿ ಗಟ್ಟಿಯಾಗಿದ್ದವು. ಮೇಲಿನ ಹಳ್ಳಿಯದು ಗಿಡ್ಡ ಬಯಲು, ಅದೂ ಇಳಿಜಾರು. ಒಂದು ತುದಿಗೆ ಬಂಡೆ, ಇನ್ನೊಂದು ತುದಿಗೆ ಕೊರಕಲು.

ವಿಮಾನ ಹಳೆಯದಾಯಿತು. ಅದರ ಬಿಡಿಭಾಗಗಳು ಎಲ್ಲೂ ಸಿಗದಂತಾದವು. ಹೊಸದನ್ನು ಕೊಳ್ಳಬೇಕೆಂದು ಐದು ಹಳ್ಳಿಯವರೂ ಸೇರಿ ತೀರ್ಮಾನಿಸಿದರು. ಯಾವುದನ್ನು ಕೊಳ್ಳಬೇಕೆಂದು ನೋಡಿ ಆರಿಸುವ ಕೆಲಸವನ್ನು ವಿಮಾನ ಸೇವೆಯ ಯಜಮಾನನಿಗೆ ಒಪ್ಪಿಸಿದರು.

ಯಜಮಾನ ಒಳ್ಳೆಯ ಮನುಷ್ಯ. ಯಾರ ಹಂಗಿಗೂ ಬೀಳುವವನಲ್ಲ. ಪಟ್ಟಣದಲ್ಲಿ ಕೂತು ತನಗೆ ತೋಚಿದ್ದನ್ನು ಮಾಡಬಾರದು, ಹತ್ತುವವರನ್ನೇ ಕೇಳಬೇಕು ಎಂದುಕೊಂಡ. ಹಳೆಯ ವಿಮಾನದಲ್ಲೇ ಒಂದೊಂದು ಹಳ್ಳಿಗೂ ಹೋದ. ಜನರನ್ನು ಸೇರಿಸಿ, “ನಿಮಗೆ ಎಂಥ ವಿಮಾನ ಬೇಕು, ಹೇಳಿ” ಎಂದು ಕೇಳಿದ.

ಮೊದಲ ಹಳ್ಳಿಯಲ್ಲಿ ವ್ಯಾಪಾರಿಗಳು ಹೆಚ್ಚು. ಅವರು ಅಗಲ ಬಾಗಿಲಿನ ವಿಮಾನ ಬೇಕೆಂದರು. ಮೂಟೆಗಳನ್ನು ಒಂದೊಂದಾಗಿ ತೂರಿಸಿ ತೂರಿಸಿ ಸಾಕಾಗಿದೆ ಎಂದರು. ಎರಡನೆಯದು ಸೇಬು ಬೆಳೆಯುವ ಹಳ್ಳಿ. ಹಣ್ಣು ಬಾಡುವ ಮೊದಲೇ ಪಟ್ಟಣ ಮುಟ್ಟಬೇಕು, ವೇಗವಾಗಿ ಹೋಗುವುದನ್ನು ತನ್ನಿ ಎಂದು ಅಲ್ಲಿನವರು ಕೇಳಿಕೊಂಡರು. ಮೂರನೆಯ ಹಳ್ಳಿಯಲ್ಲಿ ಶಾಲೆಯಿತ್ತು. ಮಕ್ಕಳೂ ಮೇಷ್ಟರುಗಳೂ ಹೋಗಿಬರುವ ಊರು. ಸೀಟು ಹೆಚ್ಚಿರಬೇಕು, ಒಳಗೆ ಕುಲುಕಾಟ ಕಡಿಮೆ ಇರಬೇಕು ಎಂದರು. ನಾಲ್ಕನೆಯ ಹಳ್ಳಿಯಲ್ಲಿ ಆಸ್ಪತ್ರೆಯಿತ್ತು. ಅಲ್ಲಿನ ದಾದಿ ಎದ್ದು ನಿಂತು, “ರೋಗಿಯನ್ನು ಕೂರಿಸಿಕೊಂಡು ಹೋಗಬೇಕಾಗಿದೆ ಯಜಮಾನರೆ. ಸೊಂಟ ಮುರಿದವರನ್ನು ಹೇಗೆ ಕೂರಿಸಲಿ? ಮಲಗಿಸಲು ಜಾಗವಿರುವ ವಿಮಾನ ತನ್ನಿ” ಎಂದಳು. ಅವಳ ಮಾತು ಯಜಮಾನನ ಮನಸ್ಸಿಗೆ ನಾಟಿತು.

ಕೊನೆಗೆ ಮೇಲಿನ ಹಳ್ಳಿಗೆ ಹೋದ. ಜನ ಬಯಲಿನ ಅಂಚಿನಲ್ಲಿ ಬಂದು ಕೂತರು. ಅವನು ಅದೇ ಪ್ರಶ್ನೆ ಕೇಳಿದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಇನ್ನೊಮ್ಮೆ ಕೇಳಿದ. ಒಬ್ಬ ಅಜ್ಜಿ ಅವನ ಕೈಗೆ ಬಿಸಿ ಹಾಲು ಕೊಟ್ಟು ಹೇಳಿದಳು: “ವಿಮಾನದ ಸಂಗತಿ ನಮಗೇನು ಗೊತ್ತಪ್ಪ? ಯಾವುದಾದರೂ ಆಗಲಿ, ಬಂದರೆ ಸಾಕು.”

ಯಜಮಾನನಿಗೆ ಹಗುರವೆನಿಸಿತು. ಉಳಿದ ಊರುಗಳಲ್ಲಿ ಅರ್ಧ ದಿನ ವಾದ ಕೇಳಿ ತಲೆ ಕೆಟ್ಟಿತ್ತು. ಇಲ್ಲಿ ಹಾಲು ಕುಡಿಯುವಷ್ಟರಲ್ಲಿ ಕೆಲಸ ಮುಗಿಯಿತು. ಇವರಿಗೆ ಬೇಡಿಕೆಯೇ ಇಲ್ಲ, ಎಂಥ ಸಂತೃಪ್ತ ಜನ ಎಂದುಕೊಂಡು ವಿಮಾನ ಹತ್ತಿದ.

ಮುಂದೆ ಕೆಲವು ವಾರಗಳಲ್ಲಿ ಎರಡು ವಿಮಾನಗಳು ಪಟ್ಟಣಕ್ಕೆ ಪರೀಕ್ಷೆಗಾಗಿ ಬಂದವು.

ಒಂದಕ್ಕೆ ಎರಡು ಎಂಜಿನ್. ಬಾಗಿಲು ಅಗಲ. ಸೀಟುಗಳು ಮೆತ್ತಗೆ. ಒಬ್ಬ ರೋಗಿಯನ್ನು ಉದ್ದಕ್ಕೆ ಮಲಗಿಸಿ ಪಕ್ಕದಲ್ಲಿ ಇಬ್ಬರು ಕೂರಬಹುದಿತ್ತು. ಹಾರಿದರೆ ಬಾಣದಂತೆ ಹೋಗುತ್ತಿತ್ತು. ಇಳಿಯಲು ಮಾತ್ರ ಉದ್ದನೆಯ ಗಟ್ಟಿ ನೆಲ ಬೇಕು. ಇನ್ನೊಂದಕ್ಕೆ ಒಂದೇ ಎಂಜಿನ್. ರೆಕ್ಕೆ ತಲೆಯ ಮೇಲೆ, ಚಕ್ರಗಳು ದಪ್ಪ. ಹಿಡಿಸುವುದು ಮೊದಲನೆಯದರ ಅರ್ಧದಷ್ಟು. ಒಳಗೆ ಕೂತರೆ ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ನಿಧಾನವಾಗಿ ಹಾರುತ್ತಿತ್ತು, ಹಾಗೇ ನಿಧಾನವಾಗಿ ಇಳಿದು ಚಿಕ್ಕ ಜಾಗದಲ್ಲಿ ನಿಲ್ಲುತ್ತಿತ್ತು.

ಹಳೆಯ ವಿಮಾನವನ್ನು ಹಾರಿಸುತ್ತಿದ್ದವಳು ಒಬ್ಬ ಹೆಂಗಸು. ಅವಳೇ ಎರಡನ್ನೂ ಹಾರಿಸಿ ನೋಡಿದಳು. ಯಜಮಾನ ಅವಳನ್ನು ಕೇಳಿದ.

“ಎರಡೂ ಒಳ್ಳೆಯ ವಿಮಾನಗಳೇ” ಎಂದಳು ಅವಳು. “ದೊಡ್ಡದು ಮೇಲಿನ ಹಳ್ಳಿಯಲ್ಲಿ ಇಳಿಯುವುದಿಲ್ಲ.”

“ಅಲ್ಲಿನ ಬಯಲನ್ನು ಉದ್ದ ಮಾಡಿಸಿದರಾಯಿತು.”

“ತುದಿಗೆ ಬಂಡೆಯಿದೆಯಲ್ಲ.”

“ಒಡೆಸಿದರಾಯಿತು” ಎಂದ ಯಜಮಾನ.

ಅವಳು ವಿಮಾನದ ಕಡೆ ನಡೆದಳು. ಹಾರಿಸುವುದು ಅವಳ ಕೆಲಸ, ಆರಿಸುವುದು ಅವನ ಕೆಲಸ.

ಆ ವಾರವೆಲ್ಲ ಯಜಮಾನ ತನ್ನೊಳಗೇ ತೂಗಿ ನೋಡಿದ. ನಾಲ್ಕು ಹಳ್ಳಿಯವರು ನಾಲ್ಕು ಬಗೆಯಾಗಿ ಕೇಳಿದ್ದಾರೆ. ದೊಡ್ಡ ವಿಮಾನದಲ್ಲಿ ಆ ನಾಲ್ಕೂ ಸಿಗುತ್ತವೆ. ಚಿಕ್ಕದರಲ್ಲಿ ಒಂದೂ ಸರಿಯಾಗಿ ಸಿಗುವುದಿಲ್ಲ. ಐದನೆಯ ಹಳ್ಳಿಯವರು ಏನನ್ನೂ ಕೇಳಿಲ್ಲ. ಕೇಳಿದವರಿಗೆ ಇಲ್ಲವೆಂದು ಕೇಳದವರಿಗಾಗಿ ಕೊಳ್ಳುವುದು ಯಾವ ನ್ಯಾಯ? ಬಂಡೆ ಒಡೆಸುವವರೆಗೆ ಅವರು ನಾಲ್ಕನೆಯ ಹಳ್ಳಿಗೆ ಇಳಿದು ಬಂದರೆ ಆಯಿತು. ಹಾಗೆಂದುಕೊಂಡು ದೊಡ್ಡದನ್ನೇ ಆರಿಸಿದ. ಅಂದು ಅವನಿಗೆ ಒಳ್ಳೆಯ ನಿದ್ದೆ ಬಂತು.

ದೊಡ್ಡ ವಿಮಾನ ಬಂದ ದಿನ ಹಳ್ಳಿಯವರು ಅದರ ಮೂತಿಗೆ ಹಾರ ಹಾಕಿದರು. ಸೇಬು ಕಳೆಗುಂದದೆ ಪಟ್ಟಣ ಮುಟ್ಟಿತು. ಮೇಷ್ಟರುಗಳು ತೂಕಡಿಸುತ್ತ ಪ್ರಯಾಣ ಮಾಡಿದರು. ದಾದಿ ತನ್ನ ರೋಗಿಗಳನ್ನು ಮಲಗಿಸಿಕೊಂಡು ಹೋದಳು. ಉಳಿಯುವುದಿಲ್ಲ ಎಂದುಕೊಂಡ ಕೆಲವರು ಉಳಿದರು. ಅದು ಸುಳ್ಳಲ್ಲ, ಮರುಳಸಿದ್ಧ. ದೊಡ್ಡ ವಿಮಾನ ನಿಜಕ್ಕೂ ಒಳ್ಳೆಯದನ್ನೇ ಮಾಡಿತು. ಯಜಮಾನ ಬೀದಿಯಲ್ಲಿ ಹೋದರೆ ಜನ ನಿಲ್ಲಿಸಿ ಕೈಮುಗಿಯುತ್ತಿದ್ದರು.

ಅವನು ಮೇಲಿನ ಹಳ್ಳಿಯನ್ನು ಮರೆತಿರಲಿಲ್ಲ. ಬಂಡೆ ನೋಡಿಬರಲು ಕಲ್ಲು ಒಡೆಯುವವರನ್ನು ಕಳಿಸಿದ. ಅವರು ನೋಡಿ ಬಂದು, ಸಿಡಿಮದ್ದು ಇಟ್ಟರೆ ಅದರ ಕೆಳಗಿನ ಗುಡ್ಡವೇ ಜರಿದು ಮನೆಗಳ ಮೇಲೆ ಬೀಳುತ್ತದೆ ಎಂದರು. ಬೇರೆ ಯಾರನ್ನಾದರೂ ಕರೆಸಿ ಕೇಳೋಣ ಎಂದು ಯಜಮಾನ ಅದನ್ನು ಮುಂದಕ್ಕೆ ಹಾಕಿದ. ಅಷ್ಟರಲ್ಲಿ ಕೆಳಗಿನ ಹಳ್ಳಿಗಳಿಂದ ದೂರುಗಳು ಬರತೊಡಗಿದವು. ವಿಮಾನ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹಣ್ಣಿನ ಬುಟ್ಟಿ ಒಂದು ಬಿದ್ದು ಜಜ್ಜಿತು. ಕಿಟಕಿಯ ಪಕ್ಕ ಸೀಟು ಸಿಗಲಿಲ್ಲ. ಅವನು ಒಂದೊಂದು ದೂರನ್ನೂ ಕೂತು ಕೇಳಿ ಸರಿಪಡಿಸಿದ. ಹಗಲೆಲ್ಲ ಅದರಲ್ಲೇ ಕಳೆಯುತ್ತಿತ್ತು. ಮೇಲಿನ ಹಳ್ಳಿಯಿಂದ ಒಂದು ದೂರೂ ಬರಲಿಲ್ಲ. ಹೇಗೋ ಹೊಂದಿಕೊಂಡಿದ್ದಾರೆ ಎಂದುಕೊಂಡ.

ಹಿಮ ಬಿತ್ತು, ಕರಗಿತು. ಬಿತ್ತನೆಯ ಕಾಲ ಬಂತು.

ಒಂದು ದಿನ ವಿಮಾನ ಹಾರಿಸುವವಳು ಕೆಳಗಿಳಿದು ಬಂದು ಹೇಳಿದಳು. “ಮೇಲಿನ ಹಳ್ಳಿಯ ಮೇಲೆ ಹಾದುಬಂದೆ ಯಜಮಾನರೆ. ಅಲ್ಲಿನ ಬಯಲು ಬದಲಾಗಿದೆ. ಕೊರಕಲಿನ ಕಡೆ ಜನ ಏನೋ ಮಾಡುತ್ತಿದ್ದಾರೆ. ಹೊಲಗಳಲ್ಲಿ ಮಾತ್ರ ಯಾರೂ ಕಾಣಲಿಲ್ಲ.”

ಯಜಮಾನನಿಗೆ ಅರ್ಥವಾಗಲಿಲ್ಲ. ಹೋಗಿ ನೋಡೋಣವೆಂದರೆ ಅವನ ವಿಮಾನ ಅಲ್ಲಿ ಇಳಿಯುವಂತಿಲ್ಲ. ನಾಲ್ಕನೆಯ ಹಳ್ಳಿಯವರೆಗೆ ಹಾರಿ, ಅಲ್ಲಿಂದ ಕಾಲುದಾರಿ ಹಿಡಿದ.

ಆ ದಾರಿಯನ್ನು ಅವನು ಅದುವರೆಗೆ ಮೇಲಿನಿಂದ ಮಾತ್ರ ನೋಡಿದ್ದ. ಅಲ್ಲಿಂದ ಅದು ಬೆಟ್ಟಕ್ಕೆ ಸುತ್ತಿದ ದಾರದಂತೆ ಕಾಣುತ್ತಿತ್ತು. ಕಾಲಿಟ್ಟ ಮೇಲೆ ತಿಳಿಯಿತು. ಕೆಲವು ಕಡೆ ಗೋಡೆಗೆ ಅಂಟಿದಂತೆ ಅಡ್ಡಡ್ಡ ನಡೆಯಬೇಕು. ಕೆಲವು ಕಡೆ ಕೈಯೂರಿ ಹತ್ತಬೇಕು. ಏದುಸಿರು ಬಿಡುತ್ತ ಅಲ್ಲಲ್ಲಿ ಕೂತ. ರೋಗಿಗಳನ್ನು ಇಲ್ಲಿ ಹೇಗೆ ಹೊತ್ತು ತರುತ್ತಾರೆ ಎಂಬ ಪ್ರಶ್ನೆ ಅವನಿಗೆ ಮೊದಲ ಸಲ ಹುಟ್ಟಿದ್ದು ಆ ದಾರಿಯಲ್ಲಿ.

ಮೇಲೆ ಹೋಗಿ ನೋಡಿದರೆ ಊರಿಗೆ ಊರೇ ಬಯಲಿನಲ್ಲಿತ್ತು. ಮುದುಕರು, ಹೆಂಗಸರು, ನಡೆಯಬಲ್ಲ ಮಕ್ಕಳು, ಎಲ್ಲರ ತಲೆಯ ಮೇಲೂ ಮಣ್ಣಿನ ಬುಟ್ಟಿ. ಕೊರಕಲಿನ ಅಂಚಿನಲ್ಲಿ ಕಲ್ಲಿನ ಗೋಡೆ ಎಬ್ಬಿಸಿದ್ದರು. ಗೋಡೆಗೂ ಬಯಲಿಗೂ ನಡುವಿನ ತಗ್ಗಿಗೆ ಮಣ್ಣು ತಂದು ಸುರಿಯುತ್ತಿದ್ದರು. ಕಲ್ಲು ಎಲ್ಲಿಂದ ಬಂತೆಂದು ಅವನು ಸುತ್ತ ನೋಡಿದ. ಮನೆಗಳ ಅಂಗಳದ ಗೋಡೆಗಳು ಇರಲಿಲ್ಲ. ಕುರಿ ಕೂಡುವ ದೊಡ್ಡಿಯ ಗೋಡೆಯೂ ಇರಲಿಲ್ಲ.

ಅವನನ್ನು ಕಂಡು ಜನ ಕೆಲಸ ನಿಲ್ಲಿಸಿದರು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ನೆಂಟ ಬಂದನೆಂಬಂತೆ ಒಬ್ಬರು ಕಂಬಳಿ ಹಾಸಿದರು. ಹಾಲು ಕೊಟ್ಟಿದ್ದ ಅಜ್ಜಿ ಬುಟ್ಟಿ ಇಳಿಸಿ ಬಂದಳು.

“ಇದೇನು ಅಜ್ಜಿ?” ಎಂದು ಕೇಳಿದ ಯಜಮಾನ.

“ಬಯಲು ಉದ್ದ ಮಾಡ್ತಾ ಇದೀವಪ್ಪ. ನಿಮ್ಮ ವಿಮಾನ ಇಳೀಬೇಕಲ್ಲ.”

“ನನಗೆ ಯಾಕೆ ಹೇಳಿ ಕಳಿಸಲಿಲ್ಲ? ಇಳಿಯುವುದಿಲ್ಲ, ಕಷ್ಟವಾಗುತ್ತಿದೆ ಅಂತ ಒಂದು ಮಾತು ಹೇಳಬಾರದಿತ್ತೆ?”

ಅಜ್ಜಿ ಅವನನ್ನು ಅಚ್ಚರಿಯಿಂದ ನೋಡಿದಳು. “ಏನಂತ ಹೇಳಿ ಕಳಿಸೋದಪ್ಪ? ವಿಮಾನ ಚೆನ್ನಾಗಿದೆಯಂತೆ, ಎಲ್ಲರೂ ಹೇಳ್ತಾರೆ. ಚಿಕ್ಕದಾಗಿರೋದು ನಮ್ಮ ಬಯಲು. ಕೊರತೆ ನಮ್ಮಲ್ಲಿಟ್ಟುಕೊಂಡು ನಿಮ್ಮನ್ನ ಏನಂತ ದೂರೋದು?”

ಯಜಮಾನ ಕಂಬಳಿಯ ಮೇಲೆ ಕೂತ. ಅಜ್ಜಿ ಅವನ ಪಕ್ಕದಲ್ಲಿ ಕೂತು ಊರಿನ ಸುದ್ದಿ ಹೇಳಿದಳು. ಹಿಮ ಬಿದ್ದ ಕಾಲದಲ್ಲಿ ಅವಳ ಸೊಸೆಗೆ ಹೆರಿಗೆಯಾಯಿತು. ರಕ್ತ ನಿಲ್ಲಲಿಲ್ಲ. ಡೋಲಿ ಕಟ್ಟಿ ಕೆಳಗೆ ಹೊತ್ತುಕೊಂಡು ಹೊರಟರು. ದಾರಿಯಲ್ಲೇ ಹೋಗಿಬಿಟ್ಟಳು. ಮಗು ಉಳಿಯಿತು. ಸೊಸೆಯ ತಿಥಿಯೆಲ್ಲ ಮುಗಿದ ಮೇಲೆ ಊರವರು ಕೂತು ಮಾತಾಡಿಕೊಂಡರು. ಹಿಮ ಕರಗಿದ ಕೂಡಲೆ ಬಯಲಿಗೆ ಮಣ್ಣು ಹಾಕೋಣ ಎಂದುಕೊಂಡರು. ಈ ಸಲ ಬಿತ್ತನೆ ಆಗದಿದ್ದರೂ ಚಿಂತೆಯಿಲ್ಲ, ಹಳೆಯ ಕಾಳು ಇದೆ ಎಂದುಕೊಂಡರು.

ಇದನ್ನೆಲ್ಲ ಅವಳು ಅವನ ಮೇಲೆ ಹೊರಿಸುವಂತೆ ಹೇಳಲಿಲ್ಲ. ಬಂದವರಿಗೆ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

ಅವಳು ಹಿಂದೆ ಆಡಿದ ಮಾತು ಆಗ ಯಜಮಾನನ ಕಿವಿಗೆ ಬಿತ್ತು. ಬಂದರೆ ಸಾಕು ಎಂದಿದ್ದಳು. ಎಲ್ಲ ಹಳ್ಳಿಗಳಿಗಿಂತ ದೊಡ್ಡ ಬೇಡಿಕೆ ಅದೇ ಆಗಿತ್ತು. ಉಳಿದವರು ವಿಮಾನ ಹೇಗಿರಬೇಕೆಂದು ಕೇಳಿದ್ದರು. ಇವರು ವಿಮಾನ ಬರಬೇಕೆಂದು ಕೇಳಿದ್ದರು. ಅವರು ಏನೂ ಕೇಳಲಿಲ್ಲ ಎಂದು ತಿಳಿದು ಅವನು ಹೊರಟುಬಂದಿದ್ದ.

ಊರಿನ ಗಂಡಸೊಬ್ಬ ಬಂದು ಅವನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದ. ಹೊಸ ಮಣ್ಣನ್ನು ಕಾಲಿನಿಂದ ಒದ್ದು, ಗಟ್ಟಿಯಾಗಿದೆ ನೋಡಿ ಎಂದು ತೋರಿಸಿದ. ಅವನ ಮುಖದಲ್ಲಿ ಹೆಮ್ಮೆಯಿತ್ತು. “ಇನ್ನೆಷ್ಟು ಬೇಕಾಗುತ್ತೆ ಯಜಮಾನರೆ? ಯಾರನ್ನ ಕೇಳಬೇಕು ಅಂತ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ಮಾಡ್ತಾ ಇದೀವಿ.”

ಯಜಮಾನ ಗೋಡೆಯ ಮೇಲೆ ನಿಂತು ಕೊರಕಲಿನೊಳಗೆ ಬಗ್ಗಿ ನೋಡಿದ. ಊರವರು ಅಷ್ಟೂ ದಿನ ಹೊತ್ತು ಹಾಕಿದ ಮಣ್ಣು ಬಯಲಿಗೆ ಒಂದು ಮನೆಯ ಅಂಗಳದಷ್ಟು ಜಾಗವನ್ನು ಸೇರಿಸಿತ್ತು. ಅದರಾಚೆ ತಳ ಕಾಣದ ಆಳ. ಏನಾದರೂ ಸಮಾಧಾನದ ಮಾತು ಹೇಳಿ ಇಳಿದುಹೋಗಬಹುದಿತ್ತು. ಇನ್ನು ಸ್ವಲ್ಪ ಎಂದುಬಿಡಬಹುದಿತ್ತು. ಅವರು ನಂಬಿ ಮತ್ತೆ ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ಅದು ಗೊತ್ತಿದ್ದುದರಿಂದಲೇ ಅವನಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

“ಈ ಕೊರಕಲನ್ನೆಲ್ಲ ತುಂಬಿದರೂ ಸಾಲದಪ್ಪ” ಎಂದ.

ಹತ್ತಿರವಿದ್ದವರು ಬುಟ್ಟಿಗಳನ್ನು ಕೆಳಗಿಟ್ಟರು. ಮಾತು ಒಬ್ಬರಿಂದ ಒಬ್ಬರಿಗೆ ಹೋಗಿ ದೂರದಲ್ಲಿದ್ದವರೂ ಇಟ್ಟರು. ಯಾರೂ ಅಳಲಿಲ್ಲ, ಯಾರೂ ಕೂಗಾಡಲಿಲ್ಲ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಯಜಮಾನನಿಗೆ ಅನಿಸಿತು. ಒಬ್ಬ ಮುದುಕ ಕೇಳಿದ:

“ಹಾಗಾದರೆ ಈ ಕಲ್ಲುಗಳನ್ನ ತಿರುಗಿ ಅಂಗಳಕ್ಕೆ ಹೊತ್ತುಕೊಂಡು ಹೋಗೋಣವಾ?”

ಅವನು ನಿಜವಾಗಿಯೂ ಅದನ್ನು ತಿಳಿಯಲೆಂದೇ ಕೇಳಿದ್ದ. ಯಜಮಾನ ಹೊರಡುವಾಗ ಇಷ್ಟನ್ನೇ ಹೇಳಿದ: “ಮಣ್ಣು ಹೊರುವುದನ್ನು ನಿಲ್ಲಿಸಿ. ಹೊಲಕ್ಕೆ ಹೋಗಿ. ಇನ್ನೂ ಬಿತ್ತನೆಗೆ ಹೊತ್ತು ಮೀರಿಲ್ಲ.”

ಇಳಿಯುವ ದಾರಿಯಲ್ಲಿ ಅವನು ಒಂದು ತಿರುವಿನಲ್ಲಿ ನಿಂತ. ಅಲ್ಲಿ ಬಂಡೆಯ ಸಂದಿನಲ್ಲಿ ಒಂದು ಬಟ್ಟೆ ಕಟ್ಟಿದ್ದರು, ಅದರ ಕೆಳಗೆ ನಾಲ್ಕು ಕಲ್ಲು ಜೋಡಿಸಿದ್ದರು. ಹತ್ತುವಾಗ ಅದನ್ನು ಗಮನಿಸಿರಲಿಲ್ಲ. ಅಜ್ಜಿಯ ಸೊಸೆ ತೀರಿಕೊಂಡದ್ದು ಇಲ್ಲೇ ಇರಬೇಕು ಎಂದು ತಿಳಿಯಿತು. ಯಜಮಾನ ಚಪ್ಪಲಿ ಕಳಚಿ ಸ್ವಲ್ಪ ಹೊತ್ತು ಅಲ್ಲಿ ಕೂತು, ಎದ್ದು ನಡೆದ.

ಪಟ್ಟಣಕ್ಕೆ ಬಂದವನು ನಾಲ್ಕು ಹಳ್ಳಿಯವರನ್ನೂ ಸೇರಿಸಿದ. ದೊಡ್ಡ ವಿಮಾನವನ್ನು ಹಿಂದಿರುಗಿಸಿ ಚಿಕ್ಕದನ್ನು ತರುತ್ತೇನೆ ಎಂದ. ಸಭೆಯಲ್ಲಿ ಗದ್ದಲವೆದ್ದಿತು. ಬೆಟ್ಟದ ತುದಿಯ ನಾಲ್ಕು ಮನೆಗಾಗಿ ಇಷ್ಟು ಜನರ ಹೊಟ್ಟೆಯ ಮೇಲೆ ಹೊಡೆಯುವುದೆ ಎಂದು ಕೂಗಿದರು. ಮೊದಲ ಹಳ್ಳಿಯ ಹಿರಿಯ ವ್ಯಾಪಾರಿಯೊಬ್ಬ ಎದ್ದು ನಿಂತ. ಅವನು ಕೆಟ್ಟವನಲ್ಲ. ಹಿಂದೆ ಯಜಮಾನನ ಕಷ್ಟಕಾಲದಲ್ಲಿ ಜೊತೆಗೆ ನಿಂತವನು.

“ನೀವೇ ನಮ್ಮೂರಿಗೆ ಬಂದಿರಿ, ಏನು ಬೇಕು ಅಂತ ಕೇಳಿದಿರಿ” ಎಂದ ವ್ಯಾಪಾರಿ. “ನಾವು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನಾವು ಹೇಳಿದ್ದು ಸುಳ್ಳಾಗಿತ್ತೆ?”

“ನಿಜವನ್ನೇ ಹೇಳಿದಿರಿ. ನಿಮಗೆ ಬೇಕಾದದ್ದು ಇದರಲ್ಲಿ ಸಿಕ್ಕಿತು, ಅದೂ ನಿಜ. ಆದರೆ ಈ ವಿಮಾನ ಬಾರದಿದ್ದ ದಿನ ನಿಮಗೆ ರಸ್ತೆಯಿದೆ. ಅವರಿಗೆ ಏನಿದೆ?”

“ರಸ್ತೆ ಹಿಮದಲ್ಲಿ ಮುಚ್ಚುತ್ತದಲ್ಲ!”

“ಮುಚ್ಚುತ್ತದೆ. ಆಗ ಚಿಕ್ಕದು ನಿಮ್ಮಲ್ಲಿಗೂ ಬರುತ್ತದೆ. ದೊಡ್ಡದು ಅವರಲ್ಲಿಗೆ ಯಾವ ಕಾಲಕ್ಕೂ ಹೋಗುವುದಿಲ್ಲ.”

ವ್ಯಾಪಾರಿ ಕೂತ. ಒಪ್ಪಿ ಕೂತನೋ, ಬೇಸರದಿಂದ ಕೂತನೋ ಯಾರಿಗೂ ತಿಳಿಯಲಿಲ್ಲ. ನಾಲ್ಕನೆಯ ಹಳ್ಳಿಯ ದಾದಿ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಅವಳು ಕಳೆದುಕೊಳ್ಳುವುದೇ ಎಲ್ಲರಿಗಿಂತ ಹೆಚ್ಚಿತ್ತು. ಯಜಮಾನ ಅವಳ ಕಡೆ ನೋಡಲು ಹೆದರಿದ. ಅವಳೇ ಮಾತಾಡಿದಳು. “ಉಸಿರಿದೆಯೇನೋ ಎಂದು ಮೇಲಿನ ಹಳ್ಳಿಯವರು ಡೋಲಿಯನ್ನು ಕೆಳಗೆ ತಂದು ನನ್ನ ಬಾಗಿಲಲ್ಲೇ ಇಳಿಸಿದರು. ಬಟ್ಟೆ ಸರಿಸಿ ನೋಡಿದವಳು ನಾನು. ಚಿಕ್ಕದನ್ನೇ ತನ್ನಿ. ಸೀಟು ಕಿತ್ತು ನೆಲದ ಮೇಲೆ ಮಲಗಿಸುತ್ತೇನೆ, ನಾನು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ.”

ದೊಡ್ಡ ವಿಮಾನ ಹೋಯಿತು. ಚಿಕ್ಕದು ಬಂತು.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಒಂದು ಸಲಕ್ಕೆ ಆಗುತ್ತಿದ್ದ ಕೆಲಸಕ್ಕೆ ಎರಡು ಸಲ ಹಾರಬೇಕಾಯಿತು. ವಿಮಾನ ಹಾರಿಸುವವಳು ದಣಿದು ಸೊರಗಿದಳು. ಅವಳ ಜೊತೆಗೆ ಇನ್ನೊಬ್ಬರನ್ನು ಹುಡುಕಬೇಕಾಯಿತು. ಅರ್ಧದಷ್ಟು ಸೇಬು ಲಾರಿಯಲ್ಲಿ ಹೋಗಿ ಜಜ್ಜಿತು. ಮೇಷ್ಟರುಗಳು ಕಿವಿಗೆ ಹತ್ತಿ ಇಟ್ಟುಕೊಂಡು ಪ್ರಯಾಣ ಮಾಡಿದರು. ಯಜಮಾನ ಬೀದಿಯಲ್ಲಿ ಹೋದರೆ ಕೈಮುಗಿಯುತ್ತಿದ್ದ ಜನ ಮುಖ ತಿರುಗಿಸಿದರು. ಎರಡು ಸುಗ್ಗಿ ಕಳೆದ ಮೇಲೆ ಹಳ್ಳಿಯವರು ಸೇರಿ ಅವನನ್ನು ಆ ಕೆಲಸದಿಂದ ಬಿಡಿಸಿ ಬೇರೊಬ್ಬನನ್ನು ಕೂರಿಸಿದರು. ಬಂದ ಹೊಸಬನೂ ವಿಮಾನ ಬದಲಿಸುವ ಮಾತೆತ್ತಿದ. ದಾದಿ ಅವನನ್ನು ಒಮ್ಮೆ ಮೇಲಿನ ಹಳ್ಳಿಯ ಕಾಲುದಾರಿಯಲ್ಲಿ ನಡೆಸಿಕೊಂಡು ಹೋಗಿಬಂದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಅದೆಲ್ಲ ನಂತರದ್ದು. ಚಿಕ್ಕ ವಿಮಾನ ಮೊದಲ ಸಲ ಮೇಲಿನ ಹಳ್ಳಿಗೆ ಹೋದಾಗ ಯಜಮಾನನೂ ಅದರಲ್ಲಿ ಹೋದ. ವಿಮಾನ ಬಂಡೆಯನ್ನು ದಾಟಿ, ತಗ್ಗಿ, ಬಯಲಿನ ನಡುವೆಯೇ ನಿಂತಿತು. ಊರವರು ಹಾಕಿದ್ದ ಹೊಸ ಮಣ್ಣಿನವರೆಗೆ ಹೋಗಲೇ ಇಲ್ಲ. ಅಲ್ಲಿ ಯಾರೋ ಆಲೂಗಡ್ಡೆ ಹಾಕಿದ್ದರು, ಹಸಿರಾಗಿ ಎದ್ದಿತ್ತು.

ಜನ ಸುತ್ತ ನೆರೆದರು. ದಪ್ಪ ಚಕ್ರವನ್ನು ಮುಟ್ಟಿ ನೋಡಿದರು. ಅಜ್ಜಿ ಮೊಮ್ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಬಾಗಿಲಿನೊಳಗೆ ಇಣುಕಿ, ಸೀಟುಗಳನ್ನು ನೋಡಿ, ಯಜಮಾನನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕಳವಳವಿತ್ತು.

“ಇದು ಚಿಕ್ಕದಾಯ್ತಲ್ಲಪ್ಪ. ಕೆಳಗಿನವರಿಗೆ ತೊಂದರೆ ಆಗಲಿಲ್ಲವಾ? ಅವರನ್ನ ಒಂದು ಮಾತು ಕೇಳಿದಿರಾ?”

ಮಗು ಯಜಮಾನನ ಅಂಗಿಯ ಗುಂಡಿ ಹಿಡಿದು ಎಳೆಯಿತು. ಅವನು ಅದನ್ನು ಎತ್ತಿಕೊಂಡ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಯಜಮಾನನ ಮೇಲೆ ಮರುಳಸಿದ್ಧನಿಗೆ ಮರುಕ ಹುಟ್ಟಿತ್ತು. ಆದರೂ ಒಂದು ಮಾತು ಅವನ ಮನಸ್ಸಿನಲ್ಲಿ ಉಳಿದಿತ್ತು.

“ಬುದ್ಧಿ, ಯಜಮಾನ ಮೊದಲ ಸಲವೂ ಎಲ್ಲರನ್ನೂ ಕೇಳಿಯೇ ಮಾಡಿದನಲ್ಲ. ಮೇಲಿನ ಹಳ್ಳಿಗೂ ಹೋಗಿ ಎರಡು ಸಲ ಕೇಳಿದ. ಅವರು ಬಾಯಿಬಿಟ್ಟು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಕೇಳಿದರೂ ಹೇಳದವರ ಮನಸ್ಸನ್ನು ತಿಳಿಯುವುದು ಹೇಗೆ? ನಾನೂ ಎಲ್ಲರನ್ನೂ ಕೇಳಿದ್ದೇನೆ. ಒಬ್ಬರನ್ನೂ ಬಿಟ್ಟಿಲ್ಲ.”

“ಪಾಠಕ್ಕೆ ತಡವಾಗಿ ಬಂದು ಬಾಗಿಲ ಬಳಿ ಕೂರುವವರು ಏನೆಂದರು?” ಎಂದು ಗುರುಗಳು ಕೇಳಿದರು.

“ಅವರು ಏನೂ ಹೇಳಲಿಲ್ಲ ಬುದ್ಧಿ. ನಿಮ್ಮಿಷ್ಟ ಅಂತ ಕೈಮುಗಿದರು.”

“ಬೆಳಗಿನ ಹೊತ್ತು ಅವರು ಎಲ್ಲಿರುತ್ತಾರೆ, ಮರುಳಸಿದ್ಧ?”

ಮರುಳಸಿದ್ಧನಿಗೆ ಅದು ಗೊತ್ತಿರಲಿಲ್ಲ. ಕೇಳಿ ತಿಳಿದುಬರಲು ಎದ್ದ.